ಲೈಂಗಿಕ ವೃತ್ತಿಯ ನೀತಿ ಕುರಿತ ಆನ್‌ಲೈನ್ ಕೋರ್ಸ್: ನಾಲ್ಕನೇ ಪಾಠದಿಂದ ಶುರು ಮಾಡಿ

ಲೈಂಗಿಕ ರೋಗಗಳ ತಪಾಸಣಾ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುವವಳು ನಾನು. ನಮ್ಮಂಥ ಆರೋಗ್ಯ ಸಿಬ್ಬಂದಿಗೆಂದು ರೂಪಿಸಿದ ಕೋರ್ಸೊಂದನ್ನು ಈಚೆಗೆ ಮುಗಿಸಿದೆ. ವೇಶ್ಯಾವೃತ್ತಿ ಸರಿಯೋ ತಪ್ಪೋ, ಸಮಾಜ ಅದನ್ನು ಹೇಗೆ ನೋಡುತ್ತದೆ ಅನ್ನುವುದೇ ವಿಷಯ. ಆರು ಪಾಠ, ಪ್ರತಿಯೊಂದಕ್ಕೂ ವಿಡಿಯೊ, ಓದಲು ಒಂದಿಷ್ಟು ಪುಟ, ಕೊನೆಗೆ ಪ್ರಶ್ನೆಗಳು. ಸೇರಿಕೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಮೊದಲ ಪಾಠದಿಂದ ಹೊರಟರೆ ಅರ್ಧಕ್ಕೇ ಬಿಟ್ಟುಬಿಡುತ್ತೀರಿ.

ಮೊದಲೆರಡು ಪಾಠ ತತ್ತ್ವಶಾಸ್ತ್ರದವು. ಮನುಷ್ಯನನ್ನು ಬರೀ ಸಾಧನದಂತೆ ಬಳಸಬಾರದು ಎಂಬ ತತ್ತ್ವಜ್ಞಾನಿ ಕಾಂಟ್‌ನ ವಾದವನ್ನು ಎಳೆದೆಳೆದು ಹೇಳುತ್ತಾರೆ. ನನಗೆ ಇಷ್ಟವಾದದ್ದು ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್‌ನ ಪ್ರಸ್ತಾಪ. ದುಡ್ಡಿಗಾಗಿ ಹಾಡುವ, ಕುಣಿಯುವ, ನಟಿಸುವ ಕಲಾವಿದರನ್ನು ಜನ ಒಂದು ಬಗೆಯ ವೇಶ್ಯೆಯರಂತೆಯೇ ಕಾಣುತ್ತಾರೆ, ಅವರಿಗೆ ಸಿಗುವ ದೊಡ್ಡ ಸಂಭಾವನೆಯಲ್ಲಿ ಆ ಕಳಂಕದ ಬೆಲೆಯೂ ಸೇರಿದೆ ಎಂದು ಅವನು 1776ರಲ್ಲಿ ಬರೆದ. ಇವತ್ತು ಗಾಯಕಿಯನ್ನು ಯಾರೂ ಹಾಗೆ ನೋಡುವುದಿಲ್ಲ. ಹಾಗಂತ ಎರಡೂ ಒಂದೇ ಅಂತ ನಾನು ಹೇಳಲಾರೆ. ಗಾಯಕಿಯ ಕೊಠಡಿಗೆ ಅಪರಿಚಿತನೊಬ್ಬ ಬಂದು ಬಾಗಿಲು ಹಾಕಿಕೊಳ್ಳುವುದಿಲ್ಲ. ಮೂರನೆಯದು ಮಾನವ ಕಳ್ಳಸಾಗಣೆಯ ಪಾಠ. ಮಕ್ಕಳು, ಬಲವಂತಕ್ಕೆ ಸಿಕ್ಕವರು ಈ ಚರ್ಚೆಯ ಹೊರಗೆ, ಅದು ಅಪರಾಧವೇ ಅಂತ ಖಡಾಖಂಡಿತವಾಗಿ ಹೇಳುತ್ತದೆ. ಸರಿಯಾಗಿದೆ. ಸಾಲ, ಮಕ್ಕಳ ಓದು, ಬಿಟ್ಟುಹೋದ ಗಂಡ ಇವುಗಳ ನಡುವೆ ತಾನೇ ಲೆಕ್ಕ ಹಾಕಿ ಈ ಕೆಲಸಕ್ಕೆ ಇಳಿದವಳ ಬಗ್ಗೆ ಮಾತ್ರ ಅವಸರದ ಎರಡು ಮಾತು. ನನ್ನ ಎದುರಿನ ಕುರ್ಚಿಯಲ್ಲಿ ಕೂರುವವರಲ್ಲಿ ಹೆಚ್ಚಿನವರು ಅವರೇ.

ನಾಲ್ಕನೆಯದು ಕಾನೂನಿನ ಪಾಠ. ಇಡೀ ಕೋರ್ಸಿನ ಗಟ್ಟಿ ಕಾಳು ಇರುವುದು ಇಲ್ಲಿ. ಸ್ವೀಡನ್ 1999ರಲ್ಲಿ ಕೊಳ್ಳುವವನನ್ನು ಅಪರಾಧಿ ಮಾಡಿತು, ಮಾರುವವಳನ್ನು ಬಿಟ್ಟಿತು. 2009ರಲ್ಲಿ ನಾರ್ವೆ, 2016ರಲ್ಲಿ ಫ್ರಾನ್ಸ್ ಅದೇ ದಾರಿ ಹಿಡಿದವು. ನ್ಯೂಜಿಲೆಂಡ್ 2003ರಲ್ಲಿ ಇಬ್ಬರನ್ನೂ ಅಪರಾಧದಿಂದ ಹೊರಗಿಟ್ಟಿತು. ಸಂಸತ್ತಿನಲ್ಲಿ ಮಸೂದೆ ಪಾಸಾದದ್ದು 60–59 ಮತಗಳಲ್ಲಿ. ಕೊಳ್ಳುವವರು ಕಡಿಮೆಯಾದರೆ ಹೆಣ್ಣುಮಕ್ಕಳನ್ನು ಸಾಗಿಸುವವರೂ ಕಡಿಮೆಯಾಗುತ್ತಾರೆ ಎಂಬ ಸ್ವೀಡನ್ನಿನ ವಾದವನ್ನು ಅಧ್ಯಾಪಕಿ ಹಗುರ ಮಾಡುವುದಿಲ್ಲ. ಗಿರಾಕಿಗೆ ಪೊಲೀಸರ ಭಯ ಹತ್ತಿದರೆ ಮಾತುಕತೆ ಗಡಿಬಿಡಿಯಲ್ಲಿ ಮುಗಿಯುತ್ತದೆ, ಆಸಾಮಿ ಎಂಥವನು ಅಂತ ಅಳೆಯಲು ಅವಳಿಗೆ ಹೊತ್ತೇ ಸಿಗುವುದಿಲ್ಲ ಅನ್ನುವುದನ್ನೂ ಬಿಡಿಸಿ ಹೇಳುತ್ತಾರೆ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನ್ಯೂಜಿಲೆಂಡಿನ ಒಂದು ಪ್ರಕರಣ. ವೇಶ್ಯಾಗೃಹದ ವ್ಯವಸ್ಥಾಪಕ ಲೈಂಗಿಕ ಕಿರುಕುಳ ಕೊಟ್ಟನೆಂದು ಅಲ್ಲಿ ದುಡಿಯುತ್ತಿದ್ದ ಹೆಣ್ಣುಮಗಳು ಮಾನವ ಹಕ್ಕುಗಳ ನ್ಯಾಯಮಂಡಳಿಗೆ ಹೋದಳು. 2014ರಲ್ಲಿ ಗೆದ್ದಳು, 25,000 ಡಾಲರ್ ಪರಿಹಾರ ಪಡೆದಳು. ‘ಇಂಥ ಕೆಲಸ ಮಾಡುವವಳಿಗೆ ಎಂಥ ಕಿರುಕುಳ?’ ಎಂಬ ಮಾತನ್ನು ನಾನು ಓದಿದವರ ಬಾಯಲ್ಲೇ ಕೇಳಿದ್ದೇನೆ. ದುಡ್ಡು ತೆಗೆದುಕೊಂಡ ಮಾತ್ರಕ್ಕೆ ಮೈಮೇಲಿನ ಹಕ್ಕು ಕೈಬಿಟ್ಟು ಹೋಗುವುದಿಲ್ಲ. ಮೊದಲೆರಡು ಪಾಠ ತಡಕಾಡಿದ ಪ್ರಶ್ನೆಗೆ ಇಷ್ಟು ನೇರ ಉತ್ತರ ಬೇರೆ ಇಲ್ಲ ಅನ್ನಿಸಿತು. ಆದರೆ ನ್ಯೂಜಿಲೆಂಡಿನ ಆ 2003ರ ಕಾನೂನೇ ತಾತ್ಕಾಲಿಕ ವೀಸಾದಲ್ಲಿ ಬಂದವರಿಗೆ ಈ ಕೆಲಸ ನಿಷೇಧಿಸುತ್ತದೆ. ಅಂಥವಳು ಏಟು ತಿಂದರೂ ದೂರು ಕೊಡಲು ಹೆದರುತ್ತಾಳೆ. ಪಾಠ ಇದನ್ನು ಮುಚ್ಚಿಡದೆ ಹೇಳಿದ್ದಕ್ಕೆ ಮೆಚ್ಚಿದೆ.

ಐದನೆಯದು ಆರೋಗ್ಯದ ಪಾಠ, ನನಗೆ ಹೆಚ್ಚು ಬೇಕಾಗಿದ್ದದ್ದು, ಹೆಚ್ಚು ನಿರಾಸೆ ಮಾಡಿದ್ದೂ ಅದೇ. ಸೈನಿಕರಿಗೆ ರೋಗ ಹತ್ತಬಾರದೆಂದು ಬ್ರಿಟನ್ 1864ರಲ್ಲಿ ತಂದ ಕಾನೂನು, ದಂಡಿನ ಊರುಗಳಲ್ಲಿ ಹೆಂಗಸರನ್ನು ಹಿಡಿದು ಬಲವಂತವಾಗಿ ತಪಾಸಣೆ ಮಾಡಿದ್ದು, ಗಂಡಸರನ್ನು ಬಿಟ್ಟದ್ದು, ಸಮಾಜ ಸುಧಾರಕಿ ಜೋಸೆಫಿನ್ ಬಟ್ಲರ್ ಮತ್ತು ಸಂಗಡಿಗರ ಹೋರಾಟದಿಂದ ಅದು 1886ರಲ್ಲಿ ರದ್ದಾದದ್ದು ಎಲ್ಲ ಚೆನ್ನಾಗಿ ಬಂದಿದೆ. ಆದರೆ ಇವತ್ತಿನ ತಪಾಸಣಾ ಕೇಂದ್ರದ ಕೌಂಟರಿನ ತನಕ ಪಾಠ ಬರುವುದೇ ಇಲ್ಲ. ನೋಂದಣಿ ಚೀಟಿಯಲ್ಲಿ ‘ಉದ್ಯೋಗ’ ಅಂತ ಒಂದು ಕಾಲಂ ಇರುತ್ತದೆ. ಹಿಂದೆ ಸಾಲಿನಲ್ಲಿ ಜನ ನಿಂತಿರುವಾಗ ಗುಮಾಸ್ತರು ಗಟ್ಟಿಯಾಗಿ ಕೇಳುತ್ತಾರೆ. ತಪಾಸಣೆಗೆ ಬಂದ ಈ ವೃತ್ತಿಯವಳು ‘ಮನೆಗೆಲಸ’ ಅನ್ನುತ್ತಾಳೆ. ಒಳಗೆ ವೈದ್ಯರು ಆ ಚೀಟಿ ನೋಡಿ ಪರೀಕ್ಷೆ ಬರೆಯುತ್ತಾರೆ. ಹತ್ತಿಕಡ್ಡಿಯಿಂದ ಗಂಟಲಿನ ಮಾದರಿಯನ್ನೂ (ಸ್ವ್ಯಾಬ್) ತೆಗೆಯಬೇಕಿತ್ತು ಅಂತ ಅವರಿಗೆ ಹೊಳೆಯುವುದಿಲ್ಲ, ಲೈಂಗಿಕ ಸಂಪರ್ಕದಿಂದ ಹತ್ತುವ ಗೊನೋರಿಯಾ ಸೋಂಕು ಗಂಟಲಲ್ಲಿದ್ದರೆ ಹೆಚ್ಚಿನವರಲ್ಲಿ ಲಕ್ಷಣವನ್ನೇ ತೋರಿಸುವುದಿಲ್ಲ. ರೋಗ ಹಾಗೇ ಉಳಿಯುತ್ತದೆ. ನಾಚಿಕೆ ಪಡಿಸುವುದು ಮನಸ್ಸಿಗೆ ನೋವು ಕೊಡುವ ಸಂಗತಿ ಅಷ್ಟೇ ಅಂದುಕೊಂಡವರಿಗೆ ಇದನ್ನು ತೋರಿಸಬೇಕಿತ್ತು. ಚೀಲದಲ್ಲಿ ಕಾಂಡೋಮ್ ಸಿಕ್ಕರೆ ಅದನ್ನೇ ಪೊಲೀಸರು ಸಾಕ್ಷ್ಯ ಮಾಡಿಕೊಳ್ಳುವ ಹಲವು ಕಡೆ ಹೆಂಗಸರು ಕಾಂಡೋಮ್ ಇಟ್ಟುಕೊಳ್ಳುವುದನ್ನೇ ಬಿಡುತ್ತಾರೆ, ಅದೂ ಪಾಠದಲ್ಲಿಲ್ಲ.

ಕೊನೆಯದು ಚರ್ಚೆ. ಫ್ರಾನ್ಸಿನ ಲಿಯೋನ್‌ನಲ್ಲಿ 1975ರ ಜೂನ್ 2ರಂದು ಈ ವೃತ್ತಿಯ ಸುಮಾರು ನೂರು ಹೆಂಗಸರು ಚರ್ಚಿನೊಳಗೆ ಹೋಗಿ ಕೂತು, ಪೊಲೀಸರು ಹಾಕುವ ದಂಡ, ತಮ್ಮ ಮೇಲಿನ ಹಿಂಸೆಯ ವಿರುದ್ಧ ದನಿ ಎತ್ತಿದ್ದನ್ನು ಆರಂಭದಲ್ಲೇ ಹೇಳುತ್ತಾರೆ. ಆಮೇಲೆ ವಕೀಲರು, ಪ್ರಾಧ್ಯಾಪಕರು, ವೈದ್ಯರು ಸೇರಿ ವಾದ ಮಾಡುತ್ತಾರೆ. ಆ ವೃತ್ತಿಯವರು ಒಬ್ಬರೂ ಇಲ್ಲ. ಮುಖ ತೋರಿಸಲು ಇಷ್ಟವಿಲ್ಲದಿದ್ದರೆ ದನಿಯನ್ನಾದರೂ ಕೇಳಿಸಬಹುದಿತ್ತು. ತಮಗೆ ಏನು ಬೇಕು ಅಂತ ಅವರು ಸ್ಪಷ್ಟವಾಗಿ ಹೇಳಬಲ್ಲರು, ನನ್ನ ಕೋಣೆಯಲ್ಲಿ ಹೇಳುತ್ತಲೇ ಇರುತ್ತಾರೆ.

ತಾಂತ್ರಿಕವಾಗಿ ತೊಂದರೆ ಇಲ್ಲ, ಫೋನಿನಲ್ಲೂ ನೋಡಬಹುದು. ಸೇರಲು ವೈದ್ಯರ ಅಥವಾ ನರ್ಸ್‌ಗಳ ನೋಂದಣಿ ಸಂಖ್ಯೆ ಇಲ್ಲವೇ ಸಮಾಲೋಚಕರ ಪ್ರಮಾಣಪತ್ರ ಬೇಕು. ಗುಮಾಸ್ತರಿಗೆ, ಬಾಗಿಲಲ್ಲಿ ‘ಯಾಕೆ ಬಂದೆ?’ ಅಂತ ಕೇಳುವ ಕಾವಲುಗಾರರಿಗೆ ಪ್ರವೇಶವೇ ಇಲ್ಲ. ಮುಂದಿನ ತಂಡಕ್ಕೆ ಅವರನ್ನೂ ಸೇರಿಸಿಕೊಳ್ಳಿ ಎಂದು ಆಯೋಜಕರಿಗೆ ಬರೆದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.