ಕಾಡುಹಂದಿ ಕಾಟಕ್ಕೆ ಸೋಲಾರ್ ಬೇಲಿ: ದೀರ್ಘ ಬಳಕೆಯ ನಂತರದ ವಿಮರ್ಶೆ

ಕಾಡಿನ ಅಂಚಿನಲ್ಲಿರುವ ಜಮೀನಿನ ಬೆಳೆಯನ್ನು ಕಾಡುಹಂದಿಗಳಿಂದ ಉಳಿಸಿಕೊಳ್ಳಲು ನಾನು ಸೌರಶಕ್ತಿಯಿಂದ ನಡೆಯುವ ವಿದ್ಯುತ್ ಬೇಲಿಯನ್ನು ಹಲವು ಮಳೆಗಾಲ ಮತ್ತು ಬೇಸಿಗೆಗಳಲ್ಲಿ ಬಳಸಿದ್ದೇನೆ. ಕೊಳ್ಳುವವರು ಮೊದಲು ಕೇಳುವುದು ಯಂತ್ರ ಎಷ್ಟು ಜೂಲಿನದು, ಅಂದರೆ ಅದರ ಒಂದೊಂದು ಪೆಟ್ಟಿನಲ್ಲಿ ಎಷ್ಟು ಶಕ್ತಿಯಿದೆ ಎಂದು. ಇಷ್ಟು ಕಾಲ ಬಳಸಿದ ಮೇಲೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ತಂತಿಯ ಕಟ್ಟಕಡೆಯ ತುದಿಯಲ್ಲಿ ಸಿಗುವ ವೋಲ್ಟೇಜು. ಅಲ್ಲಿ 4,000 ವೋಲ್ಟಿಗಿಂತ ಮೇಲಿದ್ದರೆ ಹಂದಿ ತಂತಿಯನ್ನು ಮುಟ್ಟಿ ಹಿಂದಿರುಗುತ್ತದೆ. 2,000ಕ್ಕೆ ಇಳಿದಿದ್ದರೆ, ಹಸಿದ ಹಂದಿಗೆ ಆ ಬೇಲಿ ಒಂದು ಅಡ್ಡಿಯೇ ಅಲ್ಲ.

ಎನರ್ಜೈಸರ್ ಎಂದು ಕರೆಯುವ ಈ ಯಂತ್ರವು ಬ್ಯಾಟರಿಯ 12 ವೋಲ್ಟನ್ನು ಏರಿಸಿ, ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರ್ ಎಂಬ ಭಾಗದಲ್ಲಿ ಕೂಡಿಟ್ಟು, ಸುಮಾರು ಸೆಕೆಂಡಿಗೊಮ್ಮೆ ಒಂದು ಮಿಡಿತವಾಗಿ ತಂತಿಗೆ ಹರಿಸುತ್ತದೆ. ಪ್ರತಿ ಮಿಡಿತವೂ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಚಿಕ್ಕದು. ಐಇಸಿ 60335-2-76 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಎರಡು ಮಿಡಿತಗಳ ನಡುವೆ ಕನಿಷ್ಠ ಒಂದು ಸೆಕೆಂಡಿನ ಅಂತರ ಇರಬೇಕು, ಮಿಡಿತದ ಅವಧಿ 10 ಮಿಲಿಸೆಕೆಂಡನ್ನು ಮೀರಬಾರದು, ಮತ್ತು ಪರೀಕ್ಷೆಗಾಗಿ ಜೋಡಿಸುವ 500 ಓಮ್ ವಿದ್ಯುತ್ ತಡೆಗೆ ಒಂದು ಮಿಡಿತದಲ್ಲಿ ಹರಿಯುವ ಶಕ್ತಿ 5 ಜೂಲಿಗಿಂತ ಹೆಚ್ಚಿರಬಾರದು. ಮುಟ್ಟಿದ ಪ್ರಾಣಿಗೆ ಬಿಡಿಸಿಕೊಂಡು ಓಡಲು ಸಮಯ ಸಿಗುವುದು ಆ ಒಂದು ಸೆಕೆಂಡಿನ ಬಿಡುವಿನಿಂದಲೇ. ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಗೆ ಕೊಡುವವರು ಈ ಬಿಡುವನ್ನು ಇಲ್ಲವಾಗಿಸುತ್ತಾರೆ. ಸೆಕೆಂಡಿಗೆ 50 ಅಥವಾ 60 ಆವರ್ತನಗಳಲ್ಲಿ ಎಡೆಬಿಡದೆ ಹರಿಯುವ ಆ ವಿದ್ಯುತ್ತು ಸ್ನಾಯುಗಳನ್ನು ಬಿಗಿಹಿಡಿಯುತ್ತದೆ, ಹೃದಯದ ಬಡಿತವನ್ನು ಕೆಡಿಸುತ್ತದೆ. ಸಾಯುವುದು ಹಂದಿಯಷ್ಟೇ ಅಲ್ಲ, ಕತ್ತಲಲ್ಲಿ ನೀರು ಕಟ್ಟಲು ಹೋದ ಮನುಷ್ಯನೂ ಸಾಯುತ್ತಾನೆ. ಸೋಲಾರ್ ಬೇಲಿಗೂ ಆ ಕೊಲೆಗಡುಕ ತಂತಿಗೂ ಯಾವ ಸಂಬಂಧವೂ ಇಲ್ಲವೆಂಬುದನ್ನು ಅಕ್ಕಪಕ್ಕದವರಿಗೆ ತಿಳಿಸಿ ಹೇಳುವುದು ಬೇಲಿ ಹಾಕಿದವರ ಹೊಣೆ.

ಹೆಚ್ಚಿನ ದೂರುಗಳು ಹುಟ್ಟುವುದು ಅರ್ಥಿಂಗಿನಲ್ಲಿ. ತಂತಿಯಿಂದ ಹೊರಟ ಮಿಡಿತವು ಪ್ರಾಣಿಯ ಮೈಯನ್ನು ಹಾದು, ನೆಲದ ಮೂಲಕ ನಡೆದು, ಅರ್ಥ್ ಸರಳಿನಿಂದ ಯಂತ್ರಕ್ಕೆ ಮರಳಿದಾಗ ಮಾತ್ರ ಆಘಾತವಾಗುತ್ತದೆ. ಆದರೂ ಯಂತ್ರಕ್ಕೆ ಧಾರಾಳವಾಗಿ ಖರ್ಚು ಮಾಡಿದವರು ಅರ್ಥಿಂಗಿಗೆ ಗಿಡ್ಡನೆಯ ಒಂದು ಗೂಟ ಬಡಿದು ಮುಗಿಸುವುದನ್ನು ಕಂಡಿದ್ದೇನೆ; ನನ್ನಲ್ಲಿ ಬೇಲಿ ಕೂರಿಸಲು ಬಂದವರೂ ಅದನ್ನೇ ಸಾಕೆಂದು ವಾದಿಸಿದ್ದರು. ಸುಮಾರು ಎರಡು ಮೀಟರ್ ಉದ್ದದ, ಸತುವಿನ ಲೇಪವಿರುವ ಮೂರು ಸರಳುಗಳನ್ನು ಮೂರು ಮೂರು ಮೀಟರ್ ಅಂತರದಲ್ಲಿ, ತೇವ ಉಳಿಯುವ ಜಾಗದಲ್ಲಿ ಇಳಿಸುವುದು ಒಳ್ಳೆಯ ಪದ್ಧತಿ. ಅದು ಸಾಕಾಗಿದೆಯೇ ಎಂದು ತಿಳಿಯಲು, ಯಂತ್ರವನ್ನು ನಿಲ್ಲಿಸಿ, ಅದರಿಂದ ಕನಿಷ್ಠ 100 ಮೀಟರ್ ದೂರದಲ್ಲಿ ಕೆಲವು ಕಬ್ಬಿಣದ ಸರಳುಗಳನ್ನು ತಂತಿಗೂ ನೆಲಕ್ಕೂ ತಾಗುವಂತೆ ಒರಗಿಸಬೇಕು. ಮತ್ತೆ ಚಾಲೂ ಮಾಡಿದಾಗ ಬೇಲಿಯ ವೋಲ್ಟೇಜು 2,000ಕ್ಕಿಂತ ಕೆಳಗಿಳಿಯಬೇಕು. ಆ ಸ್ಥಿತಿಯಲ್ಲಿ ಅರ್ಥ್ ಸರಳಿನ ಮೇಲೆ ವೋಲ್ಟ್ ಮೀಟರ್ ಹಿಡಿದು, ಅದರ ಇನ್ನೊಂದು ಮೊನೆಯನ್ನು ಒಂದು ಮೀಟರ್ ಆಚೆಯ ನೆಲಕ್ಕೆ ಚುಚ್ಚಿದಾಗ 300 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಇನ್ನಷ್ಟು ಸರಳುಗಳು ಬೇಕೆಂದು ಅರ್ಥ.

ಮಳೆಗಾಲದಲ್ಲಿ ಈ ಪರೀಕ್ಷೆಯಲ್ಲಿ ಗೆದ್ದ ಬೇಲಿ ಬೇಸಿಗೆಯಲ್ಲಿ ಸೋಲಬಹುದು. ನೆಲದ ಮೇಲ್ಪದರ ಒಣಗಿ ಪುಡಿಯಾದಾಗ ಪ್ರಾಣಿಯ ಗೊರಸಿನಿಂದ ಸರಳಿನವರೆಗಿನ ದಾರಿಯೇ ಕಡಿದುಹೋಗುತ್ತದೆ. ಇದಕ್ಕೆ ನಿಜವಾಗಿ ನೆರವಾದದ್ದು ಒಂದು ತಂತಿಯನ್ನು ಬಿಟ್ಟು ಇನ್ನೊಂದನ್ನು ಅರ್ಥಿಗೆ ಜೋಡಿಸುವ ವಿಧಾನ. ಎರಡು ತಂತಿಗಳ ನಡುವೆ ತಲೆ ತೂರಿಸುವ ಪ್ರಾಣಿ ಎರಡನ್ನೂ ಒಟ್ಟಿಗೆ ಮುಟ್ಟುವುದರಿಂದ ನೆಲ ಎಷ್ಟೇ ಒಣಗಿದ್ದರೂ ಪೆಟ್ಟು ಬೀಳುತ್ತದೆ.

ಹಂದಿಯ ದೃಷ್ಟಿ ಮಂದ, ಮೂಗು ಬಲು ಚುರುಕು. ಹೊಸ ವಸ್ತುವನ್ನು ಅದು ಮೂತಿಯಿಂದಲೇ ಪರೀಕ್ಷಿಸುತ್ತದೆ. ಒದ್ದೆಯಾದ ಆ ಮೂತಿಗೆ ತಂತಿ ತಾಗಬೇಕು. ಆದ್ದರಿಂದ ನೆಲದಿಂದ 20ರಿಂದ 25 ಸೆಂಟಿಮೀಟರ್ ಎತ್ತರದಲ್ಲಿ ಒಂದು, 45ರಿಂದ 50ರಲ್ಲಿ ಇನ್ನೊಂದು ಸಾಲು ಅತಿ ಮುಖ್ಯ. ಮೇಲಿನ ಸಾಲುಗಳು ದೊಡ್ಡ ಪ್ರಾಣಿಗಳಿಗಾಗಿ. ತಂತಿ ಮೇಲೆದ್ದು ಬೆನ್ನಿಗೆ ತಾಗಿದರೆ ಬಿರುಸು ಕೂದಲು ಪೆಟ್ಟನ್ನು ತಡೆಯುತ್ತದೆ, ಬೆದರಿದ ಹಂದಿ ಹಿಂದಕ್ಕೆ ಹೋಗುವ ಬದಲು ಮುಂದಕ್ಕೇ ನುಗ್ಗುತ್ತದೆ. ಹಳ್ಳ ತಿಟ್ಟುಗಳಿರುವ ಜಾಗದಲ್ಲಿ ಹೆಚ್ಚುವರಿ ಕಂಬ ನೆಡದೆ ಬೇರೆ ದಾರಿಯಿಲ್ಲ. ಬೆಳೆ ಹಣ್ಣಾಗುವ ಮೊದಲೇ, ಹಂದಿಗಳಿಗೆ ಒಳಗಿನ ರುಚಿ ಹತ್ತುವ ಮುನ್ನವೇ ಬೇಲಿ ಜೀವಂತವಾಗಿರಬೇಕು. ಒಳಗೆ ಹೋಗಿ ಬಂದ ಅಭ್ಯಾಸವಿರುವ ಗುಂಪನ್ನು ತಡೆಯುವುದು ಹೊಸ ಗುಂಪನ್ನು ತಡೆಯುವುದಕ್ಕಿಂತ ಬಹಳ ಕಷ್ಟ. ಪಟಾಕಿ, ಮಿನುಗುವ ದೀಪ, ವಾಸನೆಯ ದ್ರಾವಣಗಳ ಮಿತಿಯೂ ಇಲ್ಲೇ ಇದೆ. ಅವುಗಳಿಂದ ನೋವಾಗುವುದಿಲ್ಲವೆಂದು ಪ್ರಾಣಿ ಬೇಗ ಕಲಿಯುತ್ತದೆ.

ಜಿಂಕೆಗಳ ವಿಷಯದಲ್ಲಿ ಈ ಬೇಲಿಯಿಂದ ಅರ್ಧ ಪ್ರಯೋಜನವಷ್ಟೇ, ಏಕೆಂದರೆ ಅವು ನೆಗೆಯುತ್ತವೆ. ಮುಳ್ಳುಹಂದಿ ತಂತಿಯ ಕೆಳಗೆ ತೋಡಿಕೊಂಡು ನುಸುಳುತ್ತದೆ, ಅದರ ಮುಳ್ಳುಗಳಿಗೆ ವಿದ್ಯುತ್ತು ತಗಲುವುದಿಲ್ಲ.

ಹಾಗಾದರೆ ಕೆಳಗಿನ ತಂತಿಯನ್ನು ಇನ್ನೂ ತಗ್ಗಿಸಬಹುದಲ್ಲ ಎಂದು ಮಾರುವವರು ಸಲಹೆ ಕೊಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ನೆಲಕ್ಕೆ ಹತ್ತಿರವಿರುವ ವಿದ್ಯುತ್ ತಂತಿಗಳಿಗೆ ಸಿಕ್ಕಿ ಆಮೆಗಳು ಮತ್ತು ಚಿಪ್ಪುಹಂದಿಗಳು ಸಾಯುವುದು ದಾಖಲಾಗಿರುವ ಸಂಗತಿ. ಪೆಟ್ಟು ಬಿದ್ದಾಗ ಹಂದಿ ಓಡುತ್ತದೆ. ಆಮೆ ಚಿಪ್ಪಿನೊಳಗೆ ಸೇರಿ ಅಲ್ಲೇ ಕೂರುತ್ತದೆ, ಚಿಪ್ಪುಹಂದಿ ತಂತಿಯನ್ನೇ ಸುತ್ತಿಕೊಂಡು ಮುದುಡುತ್ತದೆ. ಆಮೇಲೆ ಪ್ರತಿ ಸೆಕೆಂಡಿಗೂ ಹೊಸ ಪೆಟ್ಟು. ನಮ್ಮ ಬೆಳೆಗೆ ಯಾವ ಕೇಡನ್ನೂ ಮಾಡದ ಜೀವಗಳು ಹೀಗೆ ನರಳಿ ಸಾಯುವುದನ್ನು ಬೆಳೆ ರಕ್ಷಣೆಯ ಹೆಸರಿನಲ್ಲಿ ಸಹಿಸಬಾರದು. ಕೆಳಗಿನ ಸಾಲನ್ನು 25 ಸೆಂಟಿಮೀಟರಿನ ಆಸುಪಾಸಿನಲ್ಲೇ ಇಟ್ಟು, ಅದಕ್ಕೆ ಪ್ರತ್ಯೇಕ ಸ್ವಿಚ್ಚು ಹಾಕಿಸಿ, ಆಮೆಗಳು ಓಡಾಡುವ ಹಗಲಿನಲ್ಲಿ ಆರಿಸಿಡುವುದು ನನಗೆ ಸರಿ ಕಂಡ ದಾರಿ. ಕೆಲವು ಮುಳ್ಳುಹಂದಿಗಳು ನುಸುಳಿದರೆ ನುಸುಳಲಿ.

ಖರ್ಚಿಗಿಂತ ಹೆಚ್ಚಾಗಿ ಈ ಬೇಲಿ ಕೇಳುವುದು ದುಡಿಮೆಯನ್ನು. ಮಳೆ ಬಿದ್ದು ಹುಲ್ಲು ಎದ್ದ ಕೂಡಲೇ ಪ್ರತಿ ಎಸಳೂ ತಂತಿಗೆ ತಾಗಿ ಸ್ವಲ್ಪ ಸ್ವಲ್ಪ ವಿದ್ಯುತ್ತನ್ನು ನೆಲಕ್ಕೆ ಸೋರಿಸುತ್ತದೆ. ಒಂದು ಎಸಳಿನದು ಲೆಕ್ಕಕ್ಕಿಲ್ಲ, ಇಡೀ ಸಾಲಿನ ಹಸಿ ಹುಲ್ಲು ಸೇರಿದರೆ ಯಂತ್ರ ಬಳಲುತ್ತದೆ. ವಾರಕ್ಕೊಮ್ಮೆಯಾದರೂ ಬೇಲಿಯುದ್ದಕ್ಕೂ ನಡೆದು, ಕಳೆ ಸವರಿ, ಒಡೆದ ಇನ್ಸುಲೇಟರನ್ನು ಬದಲಿಸಿ, ಬಿದ್ದ ಕೊಂಬೆಯನ್ನು ಎತ್ತಿ, ಕೊನೆಯ ತುದಿಯಲ್ಲಿ ವೋಲ್ಟ್ ಮೀಟರ್ ಹಿಡಿಯಲು ಆಗದವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ರಾತ್ರಿ ತಂತಿಯ ಗುಂಟ ಕಿವಿಗೊಟ್ಟು ನಡೆದರೆ ಚಟಚಟ ಸದ್ದಿನಿಂದಲೇ ಸೋರುವ ಜಾಗ ಸಿಗುತ್ತದೆ. ತಾಮ್ರದ ತಂತಿಯನ್ನು ಸತು ಲೇಪಿತ ತಂತಿಗೆ ನೇರವಾಗಿ ಹೊಸೆದರೆ ಆ ಗಂಟು ತೇವದಲ್ಲಿ ಬೇಗ ಸವೆಯುತ್ತದೆ. ಜೋಡಣೆಗೆ ಕ್ಲಾಂಪು ಬಳಸುವುದು ಒಳ್ಳೆಯದು.

ಬ್ಯಾಟರಿ ಇಡೀ ವ್ಯವಸ್ಥೆಯಲ್ಲಿ ಮೊದಲು ಸೋಲುವ ಭಾಗ. ಸೀಸ-ಆಮ್ಲದ ಬ್ಯಾಟರಿ ತುಂಬಿದಾಗ ಸುಮಾರು 12.7 ವೋಲ್ಟ್, ಅರ್ಧಕ್ಕಿಳಿದಾಗ ಸುಮಾರು 12.2 ವೋಲ್ಟ್ ತೋರಿಸುತ್ತದೆ. ಪದೇ ಪದೇ ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯಸ್ಸು ಕುಗ್ಗುತ್ತದೆ. ಮೋಡ ಕವಿದ ವಾರಗಳನ್ನು ಲೆಕ್ಕಕ್ಕೆ ಹಿಡಿದು, ಮಾರುವವರು ಹೇಳುವುದಕ್ಕಿಂತ ಒಂದು ಅಳತೆ ದೊಡ್ಡ ಪ್ಯಾನೆಲ್ ಕೊಳ್ಳುವುದು ಲಾಭದ ಮಾತು. ಗುಡುಗು ಮಿಂಚಿನ ಕಾಲದಲ್ಲಿ ಯಂತ್ರವನ್ನು ತಂತಿಯಿಂದ ಬಿಡಿಸಿಡುವುದಕ್ಕೆ ಸರಿಸಾಟಿಯಾದ ರಕ್ಷಣೆ ಇಲ್ಲ. ಸಿಡಿಲು ನಿರೋಧಕ ಅನುಕೂಲಕರ, ಆದರೆ ಹತ್ತಿರದ ಸಿಡಿಲಿನ ಮುಂದೆ ಅದರ ಮೇಲೆ ಭರವಸೆ ಇಡಲಾಗದು.

ಕೋತಿಗಳನ್ನು ಈ ಬೇಲಿ ತಡೆಯಲಿಲ್ಲ. ಬೇಲಿಗೆ ಚಾಚಿದ ಒಂದೇ ಒಂದು ಕೊಂಬೆ ಇದ್ದರೂ ಅವುಗಳಿಗೆ ಸಾಕು, ಮತ್ತು ನೆಲವನ್ನು ಮುಟ್ಟದೆ ಒಂದೇ ತಂತಿಗೆ ಜೋತುಬಿದ್ದ ಪ್ರಾಣಿಗೆ, ತಂತಿಯ ಮೇಲೆ ಕೂತ ಹಕ್ಕಿಗೆ ಆಗದಂತೆಯೇ, ಯಾವ ಪೆಟ್ಟೂ ಆಗುವುದಿಲ್ಲ. ಕಂಬಗಳ ಮೇಲ್ಭಾಗದಲ್ಲಿ ಅರ್ಥ್ ಮತ್ತು ಜೀವಂತ ತಂತಿಗಳನ್ನು ಹತ್ತಿರ ಹತ್ತಿರ ಎಳೆದು, ಸುತ್ತಲಿನ ಕೊಂಬೆಗಳನ್ನು ಕಡಿದ ಭಾಗದಲ್ಲಿ ಹಾವಳಿ ಕಡಿಮೆಯಾಯಿತಾದರೂ ನಿಲ್ಲಲಿಲ್ಲ. ಕೋತಿಗಳಿಗಾಗಿಯೇ ಕೊಳ್ಳುವುದಾದರೆ ಹಣ ಉಳಿಸಿಕೊಳ್ಳಿ. ಹಂದಿಗಳಿಗಾಗಿ ಕೊಳ್ಳುವುದಾದರೆ ಯಂತ್ರ ಮಾನಕಕ್ಕೆ ಒಳಪಟ್ಟಿದೆಯೇ ಎಂದು ನೋಡಿ. ಮುಳ್ಳುತಂತಿಗೆ ಎಂದಿಗೂ ವಿದ್ಯುತ್ತು ಹಾಯಿಸಬೇಡಿ, ಒಂದೇ ಬೇಲಿಗೆ ಎರಡು ಯಂತ್ರಗಳನ್ನು ಜೋಡಿಸಬೇಡಿ, ದಾರಿಯ ಕಡೆಗೆ ಎಚ್ಚರಿಕೆಯ ಫಲಕ ಹಾಕಿ. ವೋಲ್ಟ್ ಮೀಟರನ್ನು ಯಂತ್ರದ ಜೊತೆಯಲ್ಲೇ, ಅದೇ ದಿನ ಕೊಂಡುಕೊಳ್ಳಿ.