ಪ್ಯಾನಲ್ ಪಕ್ಕ ವಾಲ್ವ್, 12 ಮೀಟರ್ ಆಚೆ ಸಿಲಿಂಡರ್: ಈ ತಪ್ಪು ಮಾಡಬೇಡಿ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ದಿನಕ್ಕೆರಡು ಡ್ರಿಲ್ ಬಿಟ್ ಮುರಿಯುತ್ತಿದ್ದವು. ಜಾಬ್ (ಕೊರೆಯಬೇಕಾದ ತುಂಡು) ಹಿಡಿಯುವ ಕ್ಲ್ಯಾಂಪಿಗೆ 32 ಎಂಎಂ ಬೋರು (ಒಳವ್ಯಾಸ), 50 ಎಂಎಂ ಸ್ಟ್ರೋಕಿನ (ಪಿಸ್ಟನ್ ಓಡುವ ದೂರ) ಗಾಳಿ ಒತ್ತಡದ ಸಿಲಿಂಡರ್. ಅದಕ್ಕೆ ಗಾಳಿ ಬಿಡುವ 5/2 ಸೊಲೆನಾಯ್ಡ್ ವಾಲ್ವನ್ನು (ಐದು ಬಾಯಿ, ಎರಡು ಸ್ಥಾನ; ಕರೆಂಟಿನ ಕಾಯಿಲಿನಿಂದ ತಿರುಗುವುದು) ಮಾತ್ರ, ವೈರಿಂಗ್ ಅಚ್ಚುಕಟ್ಟಾಗಿರಲಿ ಅಂತ ಕರೆಂಟ್ ಪ್ಯಾನಲ್ ಪಕ್ಕ ಕೂರಿಸಿ, ಅಲ್ಲಿಂದ 12 ಮೀಟರ್ 6 ಎಂಎಂ ಪಿಯು (ಪಾಲಿಯುರೆಥೇನ್) ಪೈಪ್ ಎಳೆದಿದ್ದರು. ಕಾಯಿಲ್ ಬದಲಾಯಿತು, ವಾಲ್ವ್ ಬದಲಾಯಿತು, ಕೊನೆಗೆ ಒಂದು ಸೈಜ್ ದೊಡ್ಡ ವಾಲ್ವೂ ಬಂತು. ಬಿಟ್ ಮುರಿಯುವುದು ನಿಲ್ಲಲಿಲ್ಲ.

ಸಿಲಿಂಡರಿನ ಬಾಯಿಗೇ ಟೀ ಹಾಕಿ ಗೇಜ್ ಕೂರಿಸಿದಾಗ ಗುಟ್ಟು ಬಯಲಾಯಿತು. ಸಿಲಿಂಡರಿನ ಮೇಲೆ ಕೂತು ಪಿಸ್ಟನ್ ಬಂದದ್ದನ್ನು ತಿಳಿಸುವ ರೀಡ್ ಸ್ವಿಚ್ಚಿನ ದೀಪ ಹತ್ತಿತು, ಮಷೀನ್ ನಡೆಸುವ ಕಂಟ್ರೋಲರ್ ಪಿಎಲ್‌ಸಿ ಬಿಟ್ ಇರುವ ಸ್ಪಿಂಡಲ್ ಇಳಿಸಿತು. ಗೇಜಿನ ಮುಳ್ಳು ಆಗಿನ್ನೂ 2 ಬಾರ್ ದಾಟಿ ಮೆಲ್ಲಗೆ ಏರುತ್ತಿತ್ತು. ರೀಡ್ ಸ್ವಿಚ್ಚಿಗೆ ಪಿಸ್ಟನ್ ಎಲ್ಲಿದೆ ಅನ್ನುವುದಷ್ಟೇ ಗೊತ್ತು, ಎಷ್ಟು ಬಲವಾಗಿ ಒತ್ತುತ್ತಿದೆ ಅನ್ನುವುದಲ್ಲ. ಈ ಬೋರು 6 ಬಾರ್ ಒತ್ತಡಕ್ಕೆ ಸುಮಾರು 49 ಕಿಲೋ ಒತ್ತುತ್ತದೆ, 2 ಬಾರ್ ಒತ್ತಡಕ್ಕೆ ಬರೀ 16 ಕಿಲೋ. ಅದರ ಮೇಲೆ, ಎದುರು ಬದಿಯ ಗಾಳಿ ಇನ್ನೊಂದು 12 ಮೀಟರ್ ಪೈಪಿನಲ್ಲಿ ತಿಣುಕುತ್ತ ಹೊರಹೋಗುವಾಗ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ಬಿಟ್ ತಾಗಿದ್ದೇ ತಡ, ಜಾಬ್ ಗಿರಕ್ಕನೆ ತಿರುಗುತ್ತಿತ್ತು.

ಪೈಪ್ ಎಳೆಯುವ ಮುಂಚೆ ಒಂದು ಗುಣಾಕಾರ ಮಾಡಿದ್ದರೆ ಸಾಕಿತ್ತು. 6 ಎಂಎಂ ಪೈಪಿನ ಒಳವ್ಯಾಸ 4 ಎಂಎಂ: ಮೀಟರಿಗೆ 12.5 ಸಿಸಿ, 12 ಮೀಟರಿಗೆ 150 ಸಿಸಿ. ಸಿಲಿಂಡರಿಗೆ ಹಿಡಿಯುವುದು 40 ಸಿಸಿ. ಅಂದರೆ ವಾಲ್ವ್ ಪ್ರತಿ ಸಲವೂ ಮೊದಲು ಪೈಪಿನ ಹೊಟ್ಟೆ ತುಂಬಿಸಿ ಆಮೇಲೆ ಕ್ಲ್ಯಾಂಪಿಗೆ ಬಡಿಸುತ್ತಿತ್ತು. ಕ್ಯಾಟಲಾಗಿನಲ್ಲಿರುವ 20–30 ಮಿಲಿಸೆಕೆಂಡು ವಾಲ್ವಿನದಷ್ಟೇ. ಒತ್ತಡದ ಅಲೆ 12 ಮೀಟರ್ ಓಡುವುದಕ್ಕೇ ಇನ್ನೊಂದು 35 ಬೇಕು, ತುಂಬುವ ಹೊತ್ತು ಬೇರೆ. ಗಂಟಲೇ ಕಿರಿದಾಗಿರುವಾಗ ಬಾಯಿ ದೊಡ್ಡದು ಮಾಡಿ ಏನು ಬಂತು?

ಅನುಮಾನವಿದ್ದರೆ ಅದೇ ವಾಲ್ವನ್ನು 1 ಮೀಟರ್ ಪೈಪಿನಲ್ಲಿ ಸಿಲಿಂಡರಿಗೆ ಜೋಡಿಸಿ ನೋಡಿ. ಪಿಎಲ್‌ಸಿ ಔಟ್‌ಪುಟ್ ಆನ್ ಆದಾಗಿನಿಂದ ಗೇಜು 5 ಬಾರ್ ಮುಟ್ಟುವವರೆಗಿನ ಹೊತ್ತನ್ನು ಹತ್ತು ಸಲ ಅಳೆಯಿರಿ. ಪೈಪ್ ಕೀಳುವ ಮುಂಚೆ ಲೈನಿನ ಗಾಳಿ ಪೂರ್ತಿ ಬಿಡಿ. ಸಾದಾ ಬಾಲ್ ವಾಲ್ವ್ ಮುಚ್ಚಿದ ಮಾತ್ರಕ್ಕೆ ಒಳಗಿನ ಗಾಳಿ ಹೋಗುವುದಿಲ್ಲ.

ಸ್ಪಿಂಡಲ್ ಇಳಿಯುವ ಮುಂಚೆ ಕಾಯಿಸುವ ಟೈಮರ್ ಹೆಚ್ಚಿಸಿ ಕೈತೊಳೆದುಕೊಳ್ಳುವವರೇ ಬಹಳ. ಸಂಜೆ ಎಲ್ಲ ಮಷೀನುಗಳೂ ಓಡಿ ಲೈನ್ ಪ್ರೆಶರ್ ಇಳಿದಾಗ ಆ ಟೈಮರೂ ಸಾಲುವುದಿಲ್ಲ. ವಾಲ್ವನ್ನು ಸಿಲಿಂಡರಿನ ಒಂದು ಮೀಟರ್ ಒಳಗೆ ತನ್ನಿ, ಉದ್ದ ಬೇಕಿದ್ದರೆ ವೈರ್ ಎಳೆಯಿರಿ, ಎಳೆದ ಮೇಲೆ ಕಾಯಿಲ್ ಆನ್ ಇರುವಾಗ ಅದರ ತುದಿಯಲ್ಲೇ 24 ವೋಲ್ಟ್ ಅಳೆಯಿರಿ. ವಾಲ್ವಿಗೆ ಬರುವ ಸಪ್ಲೈ ಪೈಪ್ 10 ಎಂಎಂ ಇರಲಿ. ಅದು ಸಣ್ಣದಾದರೆ ಪಕ್ಕದ ದೊಡ್ಡ ಸಿಲಿಂಡರ್ ಗಾಳಿ ಎಳೆದ ಕ್ಷಣ ಪಿ ಪೋರ್ಟಿನ (ವಾಲ್ವಿಗೆ ಗಾಳಿ ಬರುವ ಬಾಯಿ) ಒತ್ತಡ ಕುಸಿದು, ಅದೇ ಗಾಳಿಯ ಬಲದಿಂದ ತಿರುಗುವ ಪೈಲಟ್ ವಾಲ್ವ್ ಅರ್ಧಕ್ಕೇ ನಿಂತುಬಿಡಬಹುದು. ಸ್ಪಿಂಡಲ್ ಇಳಿಯಲು ರೀಡ್ ಸ್ವಿಚ್ ಒಂದನ್ನೇ ನಂಬದೆ, ಸಿಲಿಂಡರಿನ ಬಾಯಿಗೆ 5 ಬಾರ್ ಒತ್ತಡಕ್ಕೆ ಸೆಟ್ ಮಾಡಿದ ಪ್ರೆಶರ್ ಸ್ವಿಚ್ಚನ್ನೂ ಶರತ್ತಾಗಿ ಸೇರಿಸಿ.

ಸಿಲಿಂಡರಿನ ಬಾಯಲ್ಲೇ ಗಾಳಿ ಹೊರಬಿಡುವ ಕ್ವಿಕ್ ಎಕ್ಸಾಸ್ಟ್ ವಾಲ್ವ್ ಹಾಕಿದರೆ ಸಾಕು ಅನ್ನುತ್ತಾರೆ. ಅದು ಹೊರಹೋಗುವ ಗಾಳಿಗೆ ಮಾತ್ರ ದಾರಿ ಕೊಡುತ್ತದೆ, ತುಂಬುವ ತಡ ಹಾಗೇ ಉಳಿಯುತ್ತದೆ. ಪಿಸ್ಟನ್ನಿನ ವೇಗ ತಗ್ಗಿಸುವ ಸ್ಪೀಡ್ ಕಂಟ್ರೋಲರ್ ಅದಕ್ಕಿಂತ ಹಿಂದೆ, ವಾಲ್ವಿನ ಕಡೆ ಇದ್ದರೆ ಗಾಳಿ ಅದನ್ನು ತಪ್ಪಿಸಿಕೊಂಡು ಹೋಗಿ ಪಿಸ್ಟನ್ ಕೊನೆಗೆ ಧಡ್ ಅಂತ ಬಡಿಯುತ್ತದೆ.

ಇನ್ನೊಂದು ಸಂಗತಿ ಮಳೆಗಾಲದಲ್ಲಿ ಹೆಚ್ಚು ಕಾಡುತ್ತದೆ. ಸಿಲಿಂಡರಿಗಿಂತ ಪೈಪಿನ ಹೊಟ್ಟೆ ದೊಡ್ಡದಿದ್ದರೆ ಹಳೆಯ ಗಾಳಿ ಪೂರ್ತಿ ಹೊರಹೋಗದೆ ಒಳಗೇ ಹೋಗಿಬರುತ್ತಿರುತ್ತದೆ, ತಣ್ಣಗಾದಾಗಲೆಲ್ಲ ನೀರು ಬಿಡುತ್ತದೆ. ಆ ಕ್ಲ್ಯಾಂಪ್ ಬಿಚ್ಚಿದಾಗ ಒಳಗಿನ ಗ್ರೀಸು ಮಜ್ಜಿಗೆಯಂತೆ ಬೆಳ್ಳಗಾಗಿತ್ತು.