ಮರದ ಬಟ್ಟಲಿಗೆ ಕಲ್ಲು ಕೂರಿಸುವ ಕಿಟ್: ಕೆಲವು ವರ್ಷ ಬಳಸಿದ ಮೇಲೆ

ಈ ಕಿಟ್ ಕೊಳ್ಳಬಹುದಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಕಲ್ಲು ಬೇಕು ಅಂತಾದರೆ ಕೊಳ್ಳಿ, ಅಂಟಿನ ಆಸೆಗೆ ಬೇಡ. ಅಂಗಡಿಯ ಚಿತ್ರದಲ್ಲಿ ಕಾಣುವ ಬಣ್ಣ ನೋಡಿ ಆರಿಸಬೇಡಿ, ಕಲ್ಲು ಎಷ್ಟು ಗಟ್ಟಿ ಅಂತ ನೋಡಿ ಆರಿಸಿ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಆ ಮೂರೂ ಎರಡೇ ಕಲ್ಲುಗಳ ಪುಣ್ಯ.

ಪೆಟ್ಟಿಗೆಯಲ್ಲಿ ಬರುವುದು ನಾಲ್ಕು ಬಗೆ: ಹಸಿರು ಮ್ಯಾಲಕೈಟ್, ಕಡುನೀಲಿ ಲ್ಯಾಪಿಸ್ ಲಾಜುಲಿ, ಬಿಳಿ ಕ್ಯಾಲ್ಸೈಟ್, ಮತ್ತೆ ಟರ್ಕ್ವಾಯಿಸ್ ಅಂತ ಚೀಟಿ ಅಂಟಿಸಿದ ಒಂದು ಡಬ್ಬಿ. ಒಂದೊಂದೂ ಮೂರು ಗಾತ್ರದಲ್ಲಿ: ಚೂರು, ರವೆಯಂಥ ಕಾಳು, ನುಣ್ಣನೆ ಪುಡಿ. ಜೊತೆಗೆ ತೆಳು ಸೂಪರ್ ಗ್ಲೂ, ಅದನ್ನು ತಕ್ಷಣ ಗಟ್ಟಿ ಮಾಡುವ ಸ್ಪ್ರೇ.

ಕೆಲಸ ಕೇಳುವುದಕ್ಕೆ ಸುಲಭ. ಬಟ್ಟಲನ್ನು ಲೇತ್‌ನಲ್ಲಿ (ಮರವನ್ನು ತಿರುಗಿಸುತ್ತಾ ಕಡೆಯುವ ಯಂತ್ರ) ಹೆಚ್ಚುಕಮ್ಮಿ ಕಡೆದು ಮುಗಿಸಿ, ಅಂಚಿನ ಕೆಳಗೆ ಕಿರಿದಾದ ಪಾರ್ಟಿಂಗ್ ಉಳಿಯಿಂದ ಸುತ್ತಲೂ ಒಂದು ಕಚ್ಚು ತೆಗೆಯಬೇಕು. ನಾನು 3 ಮಿ.ಮೀ. ಅಗಲ, ಅಷ್ಟೇ ಆಳ ಇಡುತ್ತೇನೆ. ಲೇತ್ ತಿರುಗದಂತೆ ಲಾಕ್ ಮಾಡಿ, ಮೇಲಕ್ಕೆ ಬಂದ ಭಾಗಕ್ಕೆ ಮಾತ್ರ ಕಲ್ಲು ತುಂಬಬೇಕು. ಮೊದಲು ಚೂರು, ಸಂದಿಗೆ ಕಾಳು, ಕೊನೆಗೆ ಪುಡಿ. ಮೇಲೆ ತೆಳು ಅಂಟು ಹನಿಸಿದರೆ ಅದೇ ಒಳಗೆ ಇಳಿಯುತ್ತದೆ. ಹಿಡಿದುಕೊಂಡ ಮೇಲೆ ಬಟ್ಟಲನ್ನು ಸ್ವಲ್ಪ ತಿರುಗಿಸಿ ಮುಂದಿನ ಭಾಗ. ಕಚ್ಚಿನ ಅಂಚಿಗಿಂತ ಕಲ್ಲು ಸ್ವಲ್ಪ ಉಬ್ಬಿಯೇ ಇರಲಿ.

ನಿಜವಾದ ಪರೀಕ್ಷೆ ಶುರುವಾಗುವುದು ಆ ಉಬ್ಬನ್ನು ಸಮ ಮಾಡುವಾಗ. ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗೆ ಅಂಕ ಕೊಡುವ ಮೋಹ್ಸ್ ಮಾಪಕದಲ್ಲಿ ಕ್ಯಾಲ್ಸೈಟ್‌ನ ಗಡಸುತನ 3, ಮ್ಯಾಲಕೈಟ್‌ನದು 3.5ರಿಂದ 4. ಇವೆರಡನ್ನೂ ಚೂಪಾದ ಉಕ್ಕಿನ ಉಳಿ ಕೆರೆಯುತ್ತದೆ. ಆಗಾಗ ಸಾಣೆ ಹಿಡಿಯಬೇಕು ಅಷ್ಟೇ. ಲ್ಯಾಪಿಸ್ 5ರಿಂದ 5.5. ಬಟ್ಟಲು ಒಂದೆರಡು ಸುತ್ತು ತಿರುಗುವಷ್ಟರಲ್ಲೇ ಉಳಿ ಮೊಂಡಾಗುತ್ತದೆ, ಉಕ್ಕಿಗಿಂತ ಗಟ್ಟಿಯಾದ ಕಾರ್ಬೈಡ್ ತುದಿ ಇಲ್ಲದೆ ಮುಂದೆ ಹೋಗುವುದಿಲ್ಲ. ಅದರೊಳಗೆ ಚಿನ್ನದ ಚುಕ್ಕಿಯಂತೆ ಕಾಣುವುದು ಪೈರೈಟ್. ಅದರ ಗಡಸುತನ 6ರಿಂದ 6.5. ನೋಡಲು ಚೆಂದ, ಉಳಿಗೆ ಶತ್ರು. ಇದೆಲ್ಲ ಕಿಟ್‌ನ ಸೂಚನಾ ಹಾಳೆಯಲ್ಲಿ ಒಂದಕ್ಷರವೂ ಇಲ್ಲ.

ಸ್ಯಾಂಡ್‌ಪೇಪರ್ ಹಾಕಿದರೂ ಇದೇ ಕಥೆ. ಕಾಗದದ ಮೇಲಿನ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲನ್ನು ಸವೆಸುತ್ತದೆ, ಆದರೆ ಪಕ್ಕದ ಮರ ಅದಕ್ಕಿಂತ ಬೇಗ ಸವೆಯುತ್ತದೆ. ಬೆರಳಲ್ಲಿ ಒತ್ತಿ ಉಜ್ಜಿದರೆ ಕಲ್ಲಿನ ಎರಡೂ ಬದಿ ಮರ ತಗ್ಗಾಗಿ, ಕಲ್ಲು ಬರೆ ಎದ್ದ ಹಾಗೆ ನಿಲ್ಲುತ್ತದೆ. ಕಾಗದದ ಹಿಂದೆ ಗಟ್ಟಿ ಮರದ ತುಂಡು ಇಟ್ಟು ಉಜ್ಜಿದರೆ ಈ ತೊಂದರೆ ತುಂಬಾ ಕಡಿಮೆ. 120ನೇ ನಂಬರಿನ ಕಾಗದದಿಂದ (ನಂಬರು ಹೆಚ್ಚಿದಷ್ಟೂ ಕಾಗದ ನುಣುಪು) ಶುರು ಮಾಡಿ 180, 240, 320, 400 ಅಂತ ಒಂದನ್ನೂ ಬಿಡದೆ ಹೋಗಿ. ಮರದ ಮೇಲೆ ಕಾಣದ ಗೀರು ಕಲ್ಲಿನ ಮೇಲೆ ಎದ್ದು ಕಾಣುತ್ತದೆ.

ಈಗ ಆ ‘ಟರ್ಕ್ವಾಯಿಸ್’ ವಿಷಯ. ಅಸಲಿ ಟರ್ಕ್ವಾಯಿಸ್‌ನ ಗಡಸುತನ 5ರಿಂದ 6. ಇದು ಉಳಿಗೆ ತೀರಾ ಸಲೀಸಾಗಿ ಬಗ್ಗಿತು, ಅನುಮಾನ ಬಂತು. ಹತ್ತಿಗೆ ಬಣ್ಣ ಕರಗಿಸುವ ಅಸಿಟೋನ್ ಹಾಕಿ ಒರೆಸಿದರೆ ಹತ್ತಿ ನೀಲಿ! ಹೌಲೈಟ್ ಅನ್ನುವ ಬಿಳಿ ಕಲ್ಲಿಗೆ ಬಣ್ಣ ಹಾಕಿ ಟರ್ಕ್ವಾಯಿಸ್ ಅಂತ ಮಾರುವುದು ಹಳೇ ವ್ಯಾಪಾರ. ಹೌಲೈಟ್‌ನ ಗಡಸುತನ ಸುಮಾರು 3.5. ಕಿಟಕಿಯ ಪಕ್ಕ ಇಟ್ಟ ಬಟ್ಟಲಿನಲ್ಲಿ ಬಿಸಿಲು ಬೀಳುವ ಬದಿಯ ಬಣ್ಣ ಈಗ ಮಂಕಾಗಿದೆ. ‘ಬಣ್ಣ ಹಾಕಿದ ಹೌಲೈಟ್’ ಅಂತಲೇ ಬರೆದು ಮಾರಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ, ಕೆಲಸಕ್ಕೆ ಅದು ಒಳ್ಳೆಯ ವಸ್ತುವೇ. ಅಂಕ ಕಡಿದದ್ದು ಸುಳ್ಳು ಹೆಸರಿಗೆ.

ಅಂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೆರೆದ ಬಾಟಲಿ ಕೆಲವು ತಿಂಗಳಲ್ಲೇ ದಪ್ಪಗಾಗುತ್ತದೆ. ದಪ್ಪ ಅಂಟು ಕಲ್ಲಿನ ಸಂದಿಗೆ ಇಳಿಯುವುದಿಲ್ಲ, ಮೇಲೇ ನಿಂತುಬಿಡುತ್ತದೆ. ಸಣ್ಣ ಬಾಟಲಿಗಳನ್ನು ಬೇರೆಯಾಗಿ ತಂದು, ತೆರೆಯದೆ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳುವುದು ಮೇಲು. ಸ್ಪ್ರೇ ನನಗಂತೂ ಬೇಡ. ಜಾಸ್ತಿ ಬಿದ್ದರೆ ಅಂಟು ನೊರೆ ಬಂದು ಬೆಳ್ಳಗಾಗುತ್ತದೆ, ಲ್ಯಾಪಿಸ್ ನಡುವೆ ಆ ಬಿಳಿ ಬೂಷ್ಟು ಹಿಡಿದಂತೆ ಕಾಣುತ್ತದೆ. ಸೂಪರ್ ಗ್ಲೂ ಗಟ್ಟಿಯಾಗುವುದೇ ತೇವದಿಂದ. ಗಾಳಿಯಲ್ಲಿ, ಮರದಲ್ಲಿ ಇರುವ ತೇವವೇ ಸಾಕು, ಸ್ವಲ್ಪ ಕಾಯಬೇಕು ಅಷ್ಟೇ. ಚೆಲ್ಲಿದ ಅಂಟನ್ನು ಹತ್ತಿ ಬಟ್ಟೆಯಲ್ಲಿ ಮಾತ್ರ ಒರೆಸಬೇಡಿ. ಕೈ ಸುಡುವಷ್ಟು ಬಿಸಿಯಾಗುತ್ತದೆ, ಹೊಗೆಯೂ ಏಳಬಹುದು. ತಿಳಿಬಣ್ಣದ ಮರವಾದರೆ ಅಂಟು ಹಾಕುವ ಮುಂಚೆ ಕಚ್ಚಿನ ಅಕ್ಕಪಕ್ಕ ತೆಳು ಶೆಲ್ಲಾಕ್ (ಅರಗಿನ ವಾರ್ನಿಶ್) ಹಚ್ಚಿ, ಇಲ್ಲದಿದ್ದರೆ ಕಪ್ಪು ಕಲೆ ಉಳಿಯುತ್ತದೆ. ತೇಗ, ಬೀಟೆಯಂಥ ಎಣ್ಣೆ ಮರಕ್ಕೆ ಮೊದಲು ಅಸಿಟೋನ್ ಒರೆಸಿದರೆ ಹಿಡಿತ ಚೆನ್ನಾಗಿರುತ್ತದೆ.

ವರ್ಷಗಳು ಕಳೆದ ಮೇಲೆ ಹೇಗಿವೆ? ಪೂರ್ತಿ ಒಣಗಿದ ಮರದ ಬಟ್ಟಲುಗಳು ಹಾಗೇ ಇವೆ, ಒಂದು ಕಾಳೂ ಉದುರಿಲ್ಲ. ಅರ್ಧ ಒಣಗಿದ ಮರದಲ್ಲಿ ಏನಾಗುತ್ತದೆ ನೋಡೋಣ ಅಂತಲೇ ಮಾಡಿದ ಬಟ್ಟಲಿನ ಕಲ್ಲಿನ ಪಟ್ಟಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಮರ ಒಣಗುವಾಗ ಬೆಳವಣಿಗೆ ಉಂಗುರಗಳ ಗುಂಟ ಕುಗ್ಗುವುದು ಜಾಸ್ತಿ, ತಿರುಳಿನಿಂದ ತೊಗಟೆಯ ದಿಕ್ಕಿಗೆ ಹೆಚ್ಚುಕಡಿಮೆ ಅದರ ಅರ್ಧ. ಹಾಗಾಗಿ ದುಂಡು ಬಟ್ಟಲು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಕಲ್ಲು ಮರದ ಜೊತೆ ಬಾಗುವುದಿಲ್ಲವಲ್ಲ. ಹಸಿ ಮರವಾದರೆ ಗೋಡೆಯನ್ನು ವ್ಯಾಸದ ಹತ್ತನೇ ಒಂದು ಭಾಗದಷ್ಟು ದಪ್ಪ ಬಿಟ್ಟು ಕಡೆಯಿರಿ, ತಿಂಗಳುಗಟ್ಟಲೆ ಒಣಗಲು ಬಿಡಿ, ಆಮೇಲೆ ಮತ್ತೆ ಕಡೆದು ಕಚ್ಚು ತೆಗೆಯಿರಿ.

ನನ್ನ ಕಣ್ಣಿಗೆ ಸುತ್ತಲೂ ಪಟ್ಟಿ ಇರುವ ಬಟ್ಟಲಿಗಿಂತ, ಮರದಲ್ಲಿ ಮೊದಲೇ ಇದ್ದ ಬಿರುಕಿಗೋ ಗಂಟಿನ ತೂತಿಗೋ ಕಲ್ಲು ತುಂಬಿದ್ದೇ ಚೆಂದ. ಬಾಳಿಕೆಯೂ ಹೆಚ್ಚು, ಮರ ಅಲುಗಿದರೂ ಎಳೆತ ಅಷ್ಟು ಬೀಳುವುದಿಲ್ಲ. ಅಕ್ರೋಟ್ ಮರದ ಕಂದು ಬಿರುಕಿನಲ್ಲಿ ಮ್ಯಾಲಕೈಟ್ ಹಸಿರು ಒಮ್ಮೆ ನೋಡಿ!

ಎರಡು ಎಚ್ಚರಿಕೆ. ಮ್ಯಾಲಕೈಟ್ ತಾಮ್ರದ ಕಾರ್ಬೊನೇಟ್, ಅದರ ದೂಳು ವಿಷ. ಸುಮ್ನೆ ಕರ್ಚೀಫ್ ಕಟ್ಟಿಕೊಂಡರೆ ಸಾಲದು, ದೂಳು ತಡೆಯುವ ಸರಿಯಾದ ಮಾಸ್ಕ್ ಬೇಕು. ಕಲ್ಲಿನ ಚೂರು ಸಿಡಿಯುವುದರಿಂದ ಮುಖಕ್ಕೆ ಶೀಲ್ಡ್ ಕೂಡ. ಇನ್ನೊಂದು, ಕ್ಯಾಲ್ಸೈಟ್ ಕೂಡ ಕಾರ್ಬೊನೇಟೇ. ಎರಡನ್ನೂ ಹುಳಿ ತಿನ್ನುತ್ತದೆ, ಹೊಳಪು ಹೋಗಿ ಕಲೆ ಬೀಳುತ್ತದೆ. ಈ ಬಟ್ಟಲು ಊಟಕ್ಕಲ್ಲ, ಒಣ ವಸ್ತು ಹಾಕಿಡುವುದಕ್ಕೆ. ನೀರಲ್ಲಿ ನೆನೆಸಿಡುವುದಂತೂ ಬೇಡವೇ ಬೇಡ.

ಪುಡಿ ಬೇಗ ಖಾಲಿಯಾಗುತ್ತದೆ, ಚೂರು ಡಬ್ಬಿಯಲ್ಲೇ ಉಳಿಯುತ್ತದೆ. ಇನ್ನೊಂದು ಪೆಟ್ಟಿಗೆ ತರಿಸಬೇಕಾಗಿಲ್ಲ. ಮಾಸ್ಕ್ ಹಾಕಿಕೊಂಡು, ಉಳಿದ ಚೂರನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಕುಟ್ಟಿ, ಬೇರೆ ಯಾವುದಕ್ಕೂ ಬಳಸದ ಜರಡಿಯಲ್ಲಿ ಸೋಸಿಕೊಂಡರೆ ಬೇಕಾದ ಗಾತ್ರ ಸಿಗುತ್ತದೆ. ಲ್ಯಾಪಿಸ್‌ಗೆ ಮಾತ್ರ ತೋಳಿನ ಕಸುವು ಜಾಸ್ತಿ ಬೇಕು.